ಕೆಸರಿನ ಏರಿಗೆ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡೋ ಬಟನ್

ಸ್ಟೇರಿಂಗ್‌ನ ಬಲಗಡೆ, ಹೆಡ್‌ಲೈಟ್ ಬೆಳಕು ಏರಿಸಿ ಇಳಿಸೋ ಗುಂಡಿಯ ಪಕ್ಕ, ನನ್ನ ಗಾಡಿಯಲ್ಲಿ ಒಂದು ಖಾಲಿ ಮುಚ್ಚಳ ಇತ್ತು. ಇದೇ ಗಾಡಿಯ ದುಬಾರಿ ಮಾಡೆಲ್‌ನಲ್ಲಿ ಆ ಜಾಗಕ್ಕೆ ಟ್ರ್ಯಾಕ್ಷನ್ ಕಂಟ್ರೋಲ್, ಅಂದರೆ ಚಕ್ರ ಜಾರಿ ಸುಮ್ಮನೆ ಸುತ್ತದ ಹಾಗೆ ತಡೆಯೋ ವ್ಯವಸ್ಥೆ, ಅದನ್ನ ಆಫ್ ಮಾಡೋ ಬಟನ್ ಬರುತ್ತೆ. ನಾನು ತಗೊಂಡಿದ್ದು ಕಡಿಮೆ ಬೆಲೆಯದು. ಅದರಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಇದೆ, ಬೇಡ ಅಂದಾಗ ಆಫ್ ಮಾಡೋಕೆ ದಾರಿ ಇಲ್ಲ. ಹೋದ ಮಳೆಗಾಲಕ್ಕೆ ಮುಂಚೆ ಹಾಸನದಲ್ಲಿ ಆ ಬಟನ್ ಹಾಕಿಸಿದೆ. ನಮ್ಮ ಸಕಲೇಶಪುರದ ಹೆತ್ತೂರು, ಹಾನುಬಾಳು ಕಡೆಯ ತೋಟದವರು ಹೇಗೆ ಮಾಡಿಸಿದ್ರಿ ಅಂತ ಕೇಳ್ತಾನೇ ಇದ್ದಾರೆ. ಫೋನಲ್ಲಿ ಅರ್ಧ ಹೇಳಿ ಅರ್ಧ ಬಿಟ್ಟರೆ ಅಪಾಯ ಆಗೋ ವಿಷಯ ಇದು. ಅದಕ್ಕೇ ಪೂರ್ತಿ ಬರೀತಿದ್ದೀನಿ.

ನಮ್ಮ ಗೇಟಿನಿಂದ ಮನೆಗೆ ಬರೋದು ಮಣ್ಣಿನ ದಾರಿ. ಹಳ್ಳದ ಮೋರಿ ದಾಟಿದ ಕೂಡಲೇ ಎಡಕ್ಕೆ ತಿರುಗಿ ಕಡಿದಾದ ಏರು, ಅದರ ತುದಿಗೆ ತೋಟದ ಕೆಲಸದವರ ಲೈನ್ ಮನೆಗಳು. ಆರಿದ್ರಾ ಮಳೆ ಆರದೆ ಹೊಯ್ಯುತ್ತೆ ಅಂತಾರಲ್ಲ, ಅದು ಹಿಡಿದ ಮೇಲೆ ಪುಷ್ಯ, ಆಶ್ಲೇಷ ಕಳೆಯೋವರೆಗೂ ಈ ಏರಿಗೆ ಬಿಸಿಲು ಬೀಳಲ್ಲ. ಎರಡೂ ಕಡೆ ಸಿಲ್ವರ್ ಮರ, ಅದರ ತುಂಬ ಮೆಣಸಿನ ಬಳ್ಳಿ. ಮೇಲಿನ ಜೇಡಿಮಣ್ಣು ನೆಂದು ಟೈರಿನ ಗೀರುಗಳೊಳಗೆಲ್ಲ ಮೆತ್ತಿಕೊಳ್ಳುತ್ತೆ. ಹಾಗೆ ಮೆತ್ತಿದ ಮೇಲೆ ಹೊಸ ಟೈರೂ ಒಂದೇ, ಸವೆದ ಟೈರೂ ಒಂದೇ. ಚಕ್ರ ಜೋರಾಗಿ ತಿರುಗಬೇಕು, ಆ ರಭಸಕ್ಕೆ ಮಣ್ಣು ಸಿಡಿದು ಹೋಗಬೇಕು, ಆಗ ರಬ್ಬರಿನ ಅಂಚು ಕೆಳಗಿನ ಗಟ್ಟಿ ನೆಲ ಕಚ್ಚುತ್ತೆ. ಬೇರೆ ಉಪಾಯ ಇಲ್ಲ. ಅಪ್ಪ ನನಗೆ ಗಾಡಿ ಕಲಿಸಿದ್ದೂ ಇದೇ ಏರಲ್ಲಿ, ಹಳೇ ಮಹೀಂದ್ರ ಜೀಪಲ್ಲಿ. "ಅರ್ಧದಲ್ಲಿ ಕಾಲು ತೆಗೆದ್ಯೋ, ಹಿಂದಕ್ಕೆ ಬಂದೆ ಅಂತ್ಲೇ ತಿಳ್ಕೊ ಮಗಾ" ಅಂತಿದ್ರು.

ಈಗಿನ ಗಾಡಿಯಲ್ಲಿ ನಾನು ಕಾಲು ತೆಗೆಯದಿದ್ದರೂ ಗಾಡಿಯೇ ತೆಗೆದುಬಿಡುತ್ತೆ. ಆಕ್ಸಿಲರೇಟರ್ ಪೆಡಲ್‌ಗೂ ಎಂಜಿನ್‌ಗೂ ಮಧ್ಯೆ ಈಗ ಕೇಬಲ್ ಇಲ್ಲ. ಎಷ್ಟು ಒತ್ತಿದ್ದೀವಿ ಅನ್ನೋದು ಸಿಗ್ನಲ್ ಆಗಿ ಕಂಪ್ಯೂಟರಿಗೆ ಹೋಗುತ್ತೆ, ಎಷ್ಟು ಡೀಸೆಲ್ ಬಿಡಬೇಕು ಅಂತ ತೀರ್ಮಾನ ಮಾಡೋದು ಅದು. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡೋ ಎಬಿಎಸ್‌ಗೆ ಅಂತ ನಾಲ್ಕೂ ಚಕ್ರದ ಹತ್ತಿರ ಸೆನ್ಸರ್ ಇರುತ್ತಲ್ಲ, ಅವೇ ಟ್ರ್ಯಾಕ್ಷನ್ ಕಂಟ್ರೋಲ್‌ಗೂ ಸುದ್ದಿ ಕೊಡೋದು. ಒಂದು ಚಕ್ರ ಉಳಿದವಕ್ಕಿಂತ ಜೋರಾಗಿ ತಿರುಗಿತು ಅಂದರೆ ಕಂಪ್ಯೂಟರ್ ಎರಡು ಕೆಲಸ ಮಾಡುತ್ತೆ: ಆ ಚಕ್ರಕ್ಕೆ ಮಾತ್ರ ಬ್ರೇಕ್ ಹಿಡಿಯುತ್ತೆ, ಎಂಜಿನ್‌ನ ಶಕ್ತಿ ಇಳಿಸುತ್ತೆ. ಈ ಎರಡು ಕೆಲಸ ಬೇರೆ ಬೇರೆ ಅನ್ನೋದನ್ನ ದಯವಿಟ್ಟು ನೆನಪಿಡಿ, ಮುಂದಿನ ಮಾತೆಲ್ಲ ಇದರ ಮೇಲೇ ನಿಂತಿದೆ.

ನಮ್ಮ ಏರಲ್ಲಿ ತೊಂದರೆ ಕೊಡೋದು ಎರಡನೇ ಕೆಲಸ. ಮಣ್ಣು ಸಿಡಿಯೋಕೆ ಚಕ್ರ ಸುತ್ತಬೇಕಾದ ಹೊತ್ತಿಗೇ ಎಂಜಿನ್ ಬಿಗಿ ತಪ್ಪುತ್ತೆ. ಟರ್ಬೊ ಡೀಸೆಲ್ ಬೇರೆ, ಆರ್‌ಪಿಎಂ 1,500ರ ಕೆಳಗೆ ಇಳಿದರೆ ಅದರಲ್ಲಿ ದಮ್ಮಿರಲ್ಲ. ಪೆಡಲ್ ನೆಲಕ್ಕೆ ಒತ್ತಿದ್ದರೂ ಮುಳ್ಳು ಕೆಳಗಿಳೀತಾ ಇರುತ್ತೆ, ಬಾನೆಟ್ ಒಳಗಿಂದ ಎಬಿಎಸ್ ಪಂಪಿನ ಗರಗರ ಸದ್ದು, ಮೀಟರ್ ಬೋರ್ಡಲ್ಲಿ ಜಾರೋ ಕಾರಿನ ಚಿತ್ರದ ಹಳದಿ ದೀಪ ಮಿಣುಕುತ್ತಾ ಇರುತ್ತೆ, ಗಾಡಿ ಅರ್ಧ ಏರಲ್ಲಿ ನಿಲ್ಲುತ್ತೆ. ಆಮೇಲೆ ಕನ್ನಡಿ ನೋಡಿಕೊಂಡು ಮೋರಿ ಕಡೆಗೆ ಹಿಂದಕ್ಕೆ ಇಳಿಸಬೇಕು, ಅದೂ ಜಾರೋ ಮಣ್ಣಲ್ಲಿ. ಹಿಂದಿನ ಸೀಟಲ್ಲಿ ಜ್ವರದ ಮಗುವನ್ನ ಮಡಿಲಲ್ಲಿಟ್ಟುಕೊಂಡು ಲೈನ್ ಮನೆಯ ತಾಯಿ ಕೂತಿದ್ದಾಗಲೂ ಹೀಗೆ ಆಗಿದೆ. ಆ ಸಲ ಆಸ್ಪತ್ರೆಯಿಂದ ವಾಪಸ್ ಬರ್ತಿದ್ವಿ, ಮಗು ಹುಷಾರಾಗಿತ್ತು. ಆದರೂ ಮೋರಿ ಹತ್ತಿರ ಹತ್ತಿರ ಬಂದಷ್ಟೂ ಆಕೆ ಮಗುವನ್ನ ಇನ್ನಷ್ಟು ಅವುಚಿಕೊಂಡಿದ್ದು ಕನ್ನಡಿಯಲ್ಲಿ ಕಾಣ್ತಿತ್ತು. ಬಟನ್ ಹಾಕಿಸಲೇಬೇಕು ಅಂತ ನಾನು ನಿರ್ಧಾರ ಮಾಡಿದ್ದು ಆವತ್ತು.

ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನದ, ಜಾಸ್ತಿ ಬಲದ ಗೇರು ಹಾಕಬಹುದಲ್ಲ ಅಂತ ಕೇಳ್ತಾರೆ. ನನ್ನ ಗಾಡಿಯಲ್ಲಿ ಫೋರ್ ಲೋ ಹಾಕಿದರೆ ಕಂಪ್ಯೂಟರ್ ತಾನೇ ಹಿಂದೆ ಸರಿಯುತ್ತೆ, ನಿಜ. ಬಂಡೆ, ಕೊರಕಲು ಇರೋ ಕಡೆ ಅದೇ ಸರಿ. ಆದರೆ ಅಂಟು ಮಣ್ಣನ್ನ ಸಿಡಿಸೋ ವೇಗ ಆ ಗೇರಲ್ಲಿ ಸಿಗಲ್ಲ. ಈ ಏರಿಗೆ ಬೇಕಾಗಿರೋದು ಫೋರ್ ಹೈ (ನಾಲ್ಕೂ ಚಕ್ರಕ್ಕೆ ಶಕ್ತಿ, ಮಾಮೂಲಿ ವೇಗ), ಎರಡನೇ ಗೇರು, ಓಟದ ಬಿಗಿ.

ಇಷ್ಟು ಹೇಳಿದ್ದಕ್ಕೆ ನಾನು ಈ ವ್ಯವಸ್ಥೆಯ ವಿರೋಧಿ ಅಂದ್ಕೋಬೇಡಿ. ಶಿರಾಡಿ ಘಾಟಿಯಲ್ಲಿ ಮಳೆ ಹೊಯ್ಯೋವಾಗ, ಮುಂದಿನ ಟ್ಯಾಂಕರ್ ಸುರಿಸಿದ ಎಣ್ಣೆ ಟಾರ್ ಮೇಲೆ ಬಣ್ಣ ಬಣ್ಣವಾಗಿ ಹರಡಿರೋವಾಗ, ಇದೇ ಕಂಪ್ಯೂಟರ್ ನನ್ನನ್ನ ಕಾದಿದೆ. ಇದು ಬೆಳೆದು ಬಂದಿದ್ದೇ ಟಾರ್ ರಸ್ತೆಗೆ. 1978ರಲ್ಲಿ ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್ ಕಾರಿಗೆ ಬಂತು, ಆಮೇಲೆ ಟ್ರ್ಯಾಕ್ಷನ್ ಕಂಟ್ರೋಲ್, 1995ರಲ್ಲಿ ತಿರುವಲ್ಲಿ ಗಾಡಿ ಅಡ್ಡ ಜಾರದ ಹಾಗೆ ಹಿಡಿಯೋ ಇಎಸ್‌ಪಿ. 1997ರಲ್ಲಿ ಸ್ವೀಡನ್ನಿನಲ್ಲಿ, ರಸ್ತೆಗೆ ದೊಡ್ಡ ಜಿಂಕೆ ಅಡ್ಡ ಬಂದರೆ ಹೇಗೆ ತಪ್ಪಿಸಬಹುದು ಅಂತ ನೋಡೋ ಪರೀಕ್ಷೆಯಲ್ಲಿ ಮರ್ಸಿಡಿಸ್ ಎ-ಕ್ಲಾಸ್ ಕಾರು ಮಗುಚಿತು, ಅದಾದ ಮೇಲೆ ಆ ಮಾಡೆಲ್‌ಗೆಲ್ಲ ಇಎಸ್‌ಪಿ ಹಾಕಿಯೇ ಕೊಡೋಕೆ ಶುರು ಮಾಡಿದ್ರು. ನಮ್ಮ ಸಕಲೇಶಪುರ, ಆಲೂರು ಕಡೆ ಕತ್ತಲಾದ ಮೇಲೆ ತಿರುವಲ್ಲಿ ಆನೆಯೇ ನಿಂತಿರುತ್ತೆ. ಅಂಥ ಹೊತ್ತಲ್ಲಿ ಬ್ರೇಕ್ ಒತ್ತಿ ಸ್ಟೇರಿಂಗ್ ತಿರುಗಿಸಿದಾಗ ಗಾಡಿ ನೆಟ್ಟಗಿರಬೇಕು ಅಂದರೆ ಎಬಿಎಸ್, ಇಎಸ್‌ಪಿ ಎರಡೂ ಎಚ್ಚರ ಇರಬೇಕು. ನನಗೆ ಬೇಕಾಗಿದ್ದು ಗೇಟಿನೊಳಗಿನ ಆ ಒಂದು ಏರಿಗೆ, ಎಂಜಿನ್ ಶಕ್ತಿ ಇಳಿಸೋ ಕೆಲಸಕ್ಕೆ ಮಾತ್ರ ರಜೆ.

ಇಲ್ಲಿ ಬಹಳ ಜನ ಹಿಡಿಯೋ ದಾರಿ ನೋಡಿದರೆ ನನಗೆ ಭಯ ಆಗುತ್ತೆ. ಮೊದಲು ವಿಚಾರಿಸಿದ ಒಂದು ವರ್ಕ್‌ಶಾಪಲ್ಲಿ, "ಎಬಿಎಸ್ ಫ್ಯೂಸಿಗೆ ಒಂದು ಟಾಗಲ್ ಹಾಕಿಬಿಡ್ತೀನಿ ಮೇಡಂ, ಅರ್ಧ ಗಂಟೆ ಕೆಲಸ" ಅಂದ್ರು. ಇನ್ನೊಬ್ಬರು ಚಕ್ರದ ಸೆನ್ಸರ್ ವೈರನ್ನೇ ಮಧ್ಯ ಕತ್ತರಿಸಿ ಸ್ವಿಚ್ ಕೂರಿಸೋ ಸಲಹೆ ಕೊಟ್ರು. ಹೀಗೆ ಮಾಡಿದರೆ ಟ್ರ್ಯಾಕ್ಷನ್ ಕಂಟ್ರೋಲ್ ಸುಮ್ಮನಾಗುತ್ತೆ, ಸರಿ. ಜೊತೆಗೆ ಎಬಿಎಸ್ ಹೋಗುತ್ತೆ, ಮುಂದಿನ ಹಿಂದಿನ ಚಕ್ರಕ್ಕೆ ಬ್ರೇಕ್ ಹಂಚಿಕೊಡೋ ಇಬಿಡಿಯೂ ಹೋಗಬಹುದು. ಆಗ ಜೋರಾಗಿ ಬ್ರೇಕ್ ಹಿಡಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ತಿರುಗಿಬಿಡೋ ಸಾಧ್ಯತೆ ಇದೆ. ಟಾಗಲ್ ಸ್ವಿಚ್ ಹಾಕಿದ ಕಡೆಗೇ ನಿಂತಿರುತ್ತೆ, ಸಂಜೆ ಆಫ್ ಮಾಡಿದವರು ಬೆಳಗ್ಗೆ ಹಾಗೇ ಘಾಟಿ ಇಳೀತಾರೆ.

ಅಷ್ಟೇ ಅಲ್ಲ, ಫ್ಯೂಸ್ ಕಿತ್ತರೆ ತೋಟದೊಳಗೂ ನಷ್ಟವೇ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ನಮ್ಮ ಪಲ್ಪರ್ ಮನೆ ಹತ್ತಿರ ದಾರಿಗೆ ಅಡ್ಡವಾಗಿ ಚರಂಡಿ ಇದೆ. ಅದನ್ನ ಓರೆಯಾಗಿ ದಾಟುವಾಗ ಮುಂದಿನ ಒಂದು ಚಕ್ರ, ಹಿಂದಿನ ಎದುರು ಬದಿಯ ಒಂದು ಚಕ್ರ ಗಾಳಿಯಲ್ಲಿ ತೇಲುತ್ತೆ. ಎಡ ಬಲ ಚಕ್ರಕ್ಕೆ ಶಕ್ತಿ ಹಂಚೋ ಡಿಫರೆನ್ಶಿಯಲ್ ಸಾಮಾನ್ಯದ್ದಾಗಿರೋ ಗಾಡಿಯಲ್ಲಿ ತೇಲೋ ಚಕ್ರ ಬರೀ ಸುತ್ತುತ್ತೆ, ನೆಲದಲ್ಲಿರೋದು ಅಲ್ಲಾಡಲ್ಲ. ಅಲ್ಲಿ ಕಾಪಾಡೋದು ಕಂಪ್ಯೂಟರಿನ ಮೊದಲ ಕೆಲಸ: ತೇಲೋ ಚಕ್ರಕ್ಕೆ ಬ್ರೇಕ್ ಹಿಡಿದರೆ ಶಕ್ತಿ ನೆಲದಲ್ಲಿರೋ ಚಕ್ರಕ್ಕೆ ಹೋಗುತ್ತೆ, ಗಾಡಿ ಮೆಲ್ಲಗೆ ಎದ್ದು ಬರುತ್ತೆ. ಫ್ಯೂಸ್ ತೆಗೆದ ಗಾಡಿಗೆ ಈ ಭಾಗ್ಯ ಇಲ್ಲ.

ಹಾಸನದ ಬಿ.ಎಂ. ರಸ್ತೆಯಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಸಿಕ್ಕಿದ. ಚಿಕ್ಕ ವಯಸ್ಸು, ಮಾತು ಕಡಿಮೆ. ವಿಷಯ ಹೇಳಿದ್ದಕ್ಕೆ ಅವನ ಮೊದಲ ಮಾತು, "ಡಯಾಗ್ರಮ್ ಇಲ್ದೆ ಆ ಕಪ್ಲರ್ ಮುಟ್ಟಲ್ಲ ಅಕ್ಕಾ." ಕಪ್ಲರ್ ಅಂದರೆ ವೈರುಗಳ ಗೊಂಚಲನ್ನ ಕಂಪ್ಯೂಟರಿಗೆ ಸಿಕ್ಕಿಸೋ ಪ್ಲಗ್. ಅಲ್ಲಿಗೆ ನನಗೆ ಧೈರ್ಯ ಬಂತು. ದುಬಾರಿ ಮಾಡೆಲ್‌ನ ವೈರಿಂಗ್ ಡಯಾಗ್ರಮ್ ಹುಡುಕಿ ಪ್ರಿಂಟ್ ತೆಗೆಸಿ ಕೊಟ್ಟೆ. ಬಟನ್‌ನಿಂದ ಒಂದು ವೈರ್ ಎಬಿಎಸ್ ಪಂಪಿನ ಮೇಲೆ ಕೂತಿರೋ ಕಂಪ್ಯೂಟರ್ ಮಾಡ್ಯೂಲಿಗೆ, ಇನ್ನೊಂದು ಅರ್ತ್‌ಗೆ, ಅಂದರೆ ಗಾಡಿಯ ಲೋಹದ ಮೈಗೆ. ಕಾಲಿಂಗ್ ಬೆಲ್ ಸ್ವಿಚ್ಚಿನ ಹಾಗೆ ಒತ್ತಿದಷ್ಟು ಹೊತ್ತು ಮಾತ್ರ ಎರಡೂ ಕೂಡುತ್ತೆ. ಅಂದರೆ ಆ ಬಟನ್ ಯಾವ ಕರೆಂಟನ್ನೂ ಕಡಿಯಲ್ಲ, ಆಫ್ ಆಗು ಅಂತ ಮಾಡ್ಯೂಲನ್ನ ಕೇಳುತ್ತೆ ಅಷ್ಟೇ. ಏನನ್ನ ಬಿಡಬೇಕು, ಏನನ್ನ ಉಳಿಸಿಕೊಳ್ಳಬೇಕು ಅಂತ ಗಾಡಿ ಮಾಡಿದವರು ಮೊದಲೇ ಅದರೊಳಗೆ ಬರೆದಿಟ್ಟಿರ್ತಾರೆ. ನಾನು ಹುಡುಕ್ತಿದ್ದಿದ್ದು ಇದನ್ನೇ.

ನನ್ನ ಗಾಡಿಯಲ್ಲಿ ಡ್ಯಾಶ್‌ಬೋರ್ಡ್ ಹಿಂದೆ ಆ ವೈರ್ ಇರಲಿಲ್ಲ. ಮಾಡ್ಯೂಲಿನ ಕಪ್ಲರಲ್ಲಿ ಆ ಪಿನ್ನಿನ ಜಾಗಕ್ಕೆ ರಬ್ಬರ್ ಬಿರಡೆ ಹಾಕಿತ್ತು. ಹುಡುಗ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟ. ಆಮೇಲೆ ಕಪ್ಲರಿನ ಲಾಕ್ ಎತ್ತಿ ಹೊರಗೆ ತೆಗೆದು, ಬಿರಡೆ ಕಿತ್ತು, ಅದೇ ಅಳತೆಯ ಟರ್ಮಿನಲ್ ಹಾಕಿದ ವೈರನ್ನ ಟಕ್ ಅನ್ನೋವರೆಗೆ ಒಳಗೆ ತಳ್ಳಿದ. ವೈರಿನ ಸುತ್ತ ನೀರು ಹೋಗದ ಹಾಗೆ ಸಣ್ಣ ಸೀಲ್. ಎಲ್ಲ ಜೋಡಿಸಿ, ಇಗ್ನಿಷನ್ ಆನ್ ಮಾಡಿ ಮಲ್ಟಿಮೀಟರ್ ಹಿಡಿದರೆ ವೈರಿನ ತುದಿಯಲ್ಲಿ ಹತ್ತಿರಹತ್ತಿರ ಬ್ಯಾಟರಿ ವೋಲ್ಟೇಜ್. ಮಾಡ್ಯೂಲ್ ಆ ಕಡೆಯಿಂದ ಬಟನ್‌ಗೆ ಕಾಯ್ತಾ ಇದೆ ಅಂತ ಅರ್ಥ. "ಈಗ ನೋಡಿ ಅಕ್ಕಾ" ಅಂತ ಎಂಜಿನ್ ಸ್ಟಾರ್ಟ್ ಮಾಡಿಸಿ, ತುದಿಯನ್ನ ಅರ್ತ್‌ಗೆ ಮುಟ್ಟಿಸಿ ತೆಗೆದ. ಮೀಟರ್ ಬೋರ್ಡಲ್ಲಿ ಜಾರೋ ಕಾರಿನ ಚಿತ್ರ, ಅದರ ಕೆಳಗೆ 'ಆಫ್' ಅಂತ ಅಕ್ಷರ, ಹಳದಿ ಬಣ್ಣದಲ್ಲಿ ಹತ್ತಿತು. ಎಬಿಎಸ್ ದೀಪ ಹತ್ತಲಿಲ್ಲ. ಇನ್ನೊಂದು ಸಲ ಮುಟ್ಟಿಸಿದ, ಆರಿತು. ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಈ ಪರೀಕ್ಷೆ ಆಗೋವರೆಗೂ ಬಟನ್ ಕೊಂಡಿರಲಿಲ್ಲ, ಡ್ಯಾಶ್‌ಬೋರ್ಡಿನ ಮುಂಭಾಗ ಬಿಚ್ಚಿರಲಿಲ್ಲ. ನೀವೂ ಹಾಗೇ ಮಾಡಿ. ಕೆಲವು ಗಾಡಿಯಲ್ಲಿ ವೈರ್ ಕೊಟ್ಟರೂ ಮಾಡ್ಯೂಲ್ ಉತ್ತರ ಕೊಡಲ್ಲ, ಸ್ಕ್ಯಾನರ್ ಹಾಕಿ, ಬಟನ್ ಇದೆ ಅಂತ ಅದಕ್ಕೆ ತಿಳಿಸೋ ಕೋಡಿಂಗ್ ಮಾಡಬೇಕಾಗುತ್ತೆ.

ವೈರ್ ಒಳಗೆ ತಂದ ರೀತಿ ಮಲೆನಾಡಿನವರು ಗಮನಿಸಬೇಕಾದ್ದು. ಎಂಜಿನ್ ಕಡೆಯಿಂದ ಕ್ಯಾಬಿನ್‌ಗೆ ಮೊದಲೇ ಇರೋ ರಬ್ಬರ್ ಗ್ರೊಮೆಟ್ (ವೈರ್ ಹೋಗೋ ತೂತಿನ ರಬ್ಬರ್ ಬಳೆ) ಮೂಲಕವೇ ತಂದದ್ದು, ಹೊಸ ತೂತು ಕೊರೆಯಲಿಲ್ಲ. ಗ್ರೊಮೆಟ್‌ಗೆ ಬರೋ ಮುಂಚೆ ವೈರನ್ನ ಕೆಳಕ್ಕೆ ಒಂದು ಬಾಗು ಕೊಟ್ಟು ಮೇಲೆತ್ತಿದ್ದಾನೆ, ನೀರು ವೈರ್ ಹಿಡಿದು ಬಂದರೂ ಆ ಬಾಗಿನ ತಳದಲ್ಲೇ ತೊಟ್ಟಿಕ್ಕಿ ಬೀಳುತ್ತೆ. ಇಲಿ ಕಾಟಕ್ಕೆ ಉದ್ದಕ್ಕೂ ಸುರುಳಿ ಪೈಪಿನ ಹೊದಿಕೆ. ಜೋಡಣೆ ಇರೋ ಕಡೆ ಬೆಸುಗೆ, ಅದರ ಮೇಲೆ ಹೀಟ್ ಶ್ರಿಂಕ್ ಸ್ಲೀವ್. ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ನಮ್ಮ ಥಂಡಿಗೆ ಒಂದೇ ಮಳೆಗಾಲದಲ್ಲಿ ಅಂಟು ಬಿಟ್ಟುಹೋಗುತ್ತೆ. ಬಟನ್ ಕಂಪನಿಯ ಒರಿಜಿನಲ್ ಸ್ಪೇರೇ ತರಿಸಿದೆ. ಬಟನ್‌ಗಿಂತ ಕೂಲಿ ಜಾಸ್ತಿ ಆಯ್ತು, ಆ ಕೂಲಿಯನ್ನ ಸಂತೋಷವಾಗಿ ಕೊಟ್ಟೆ.

ಈಗ ಮೋರಿ ಹತ್ತಿರ ನಿಲ್ಲಿಸಿ, ಫೋರ್ ಹೈ ಹಾಕಿ, ಬಟನ್ ಒತ್ತಿ, ದೀಪ ಬಂತಾ ನೋಡಿ ಹೊರಡ್ತೀನಿ. ತಿರುವು ಕಳೆದ ಮೇಲೆ ಚಕ್ರ ಸುತ್ತುತ್ತೆ, ಕೆಸರು ಕಿಟಕಿವರೆಗೂ ಹಾರುತ್ತೆ, ಎಂಜಿನ್ ನನ್ನ ಕಾಲು ಹೇಳಿದ್ದು ಕೇಳುತ್ತೆ. ಗಾಡಿ ಅಲ್ಲಿ ಇಲ್ಲಿ ಬಾಲ ಎಳೆದರೂ ಏರು ಹತ್ತುತ್ತೆ. ಒಂದು ಚಕ್ರ ಗುಂಡಿಯಲ್ಲಿ ತೇಲಿದರೆ ಅದಕ್ಕೆ ಬ್ರೇಕ್ ಹಿಡಿಯೋ ಕೆಲಸ ಈಗಲೂ ನಡೆಯುತ್ತೆ, ಎಬಿಎಸ್ ಪೂರ್ತಿ ಇದೆ. ವೇಗ 50 ದಾಟಿದರೆ ನನ್ನ ಗಾಡಿಯಲ್ಲಿ ಎಲ್ಲವೂ ತಾನಾಗಿ ಆನ್ ಆಗುತ್ತೆ, ಕೀ ತಿರುಗಿಸಿ ಮತ್ತೆ ಸ್ಟಾರ್ಟ್ ಮಾಡಿದರೂ ಅಷ್ಟೇ. ಹೊಸ ಗಾಡಿ ಕೊಳ್ಳೋರು ಶೋರೂಮಲ್ಲಿ ಸನ್‌ರೂಫ್ ಕೇಳೋ ಮುಂಚೆ ಈ ಬಟನ್ ಇದೆಯಾ ಅಂತ ಕೇಳಿ ಅನ್ನೋದು ನನ್ನ ಆಸೆ. ಮಲೆನಾಡಿಗೆ ಮಾರೋ ಗಾಡಿಯಲ್ಲಿ ಇದು ದುಬಾರಿ ಮಾಡೆಲ್‌ಗೆ ಮಾತ್ರ ಇರಬಾರದು.

ಬಟನ್ ಮಾತಾಡೋ ಮುಂಚೆ ಟೈರ್ ನೋಡಬೇಕು ಅನ್ನೋದನ್ನೂ ಹೇಳಿಬಿಡ್ತೀನಿ. ಹೈವೇ ಟೈರ್ ಇಟ್ಟುಕೊಂಡು ಬಟನ್ ಒತ್ತಿದರೆ ಗುಂಡಿ ತೋಡಿಕೊಂಡು ಹೂತುಹೋಗ್ತೀರಿ ಅಷ್ಟೇ. ನಾನು ಆಲ್ ಟೆರೇನ್ ಟೈರ್ ಹಾಕಿ, ಬಹಳ ಕೆಟ್ಟ ದಿನಗಳಲ್ಲಿ ಗೇಟಲ್ಲಿ ಗಾಳಿಯನ್ನ 22 ಪಿಎಸ್‌ಐಗೆ ಇಳಿಸ್ತೀನಿ. ಟಾರ್ ರಸ್ತೆಗೆ ಹೋಗೋ ಮುಂಚೆ ಸಣ್ಣ ಕಂಪ್ರೆಸರಲ್ಲಿ ಮತ್ತೆ ತುಂಬಿಸ್ತೀನಿ. ತುಂಬಿಸದೆ ಘಾಟಿ ಇಳಿಯೋದು ಬೇಡವೇ ಬೇಡ.

ನನ್ನ ಗಾಡಿಯ ವಾರಂಟಿ ಮುಗಿದಿತ್ತು. ವಾರಂಟಿ ಇರೋರು ಸರ್ವಿಸ್ ಸೆಂಟರಲ್ಲೇ ಮೊದಲು ಕೇಳಿ, ಇನ್ಶೂರೆನ್ಸ್‌ನವರಿಗೂ ಒಂದು ಮಾತು ಹಾಕಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಟಿನ ಬಗ್ಗೆ ಇರೋದು, ಅದನ್ನೂ ಓದಿಕೊಳ್ಳಿ. ಗಾಡಿ ಓಡಿಸೋ ನಮ್ಮ ಡ್ರೈವರಿಗೂ, ರಜೆಗೆ ಬರೋ ತಮ್ಮನ ಮಗನಿಗೂ ಬಟನ್ ಗೇಟಿನೊಳಗೆ ಮಾತ್ರ ಅಂತ ಹೇಳಿಟ್ಟಿದ್ದೀನಿ. ಈ ಸಲ ಮೇ ಕೊನೆಗೆ, ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಸೋ ಕೆಲಸ ಮುಗಿಸಿ ಹಾಸನಕ್ಕೆ ಹೋಗಿದ್ದಾಗ ಅದೇ ಹುಡುಗನ ಹತ್ತಿರ ಕಪ್ಲರ್ ಬಿಚ್ಚಿಸಿ ನೋಡಿದೆ. ಪಿನ್ ಹಸಿರು ಹಿಡಿದಿರಲಿಲ್ಲ, ಸೀಲಿನೊಳಗೆ ನೀರು ಇಳಿದಿರಲಿಲ್ಲ, ಸ್ವಲ್ಪ ಗ್ರೀಸ್ ಸವರಿ ಮತ್ತೆ ಕೂರಿಸಿದ.