ಪದಬಂಧ ಪ್ರಾಜೆಕ್ಟ್: ಲಿಂಟರ್ ಸೇರಿಸಿದ ವಾರ

ಕನ್ನಡ ಪದಬಂಧ ತಯಾರಿಸುವ ನಮ್ಮ ಪೈಥಾನ್ ಪ್ರೋಗ್ರಾಮ್‌ಗೆ ಈ ವಾರ ಹೊಸ ಫೀಚರ್ ಏನೂ ಸೇರಿಲ್ಲ. ಸಮಯವೆಲ್ಲ ಕೋಡ್ ಬರೆದ ರೀತಿ ತಿದ್ದುವ ಬ್ಲ್ಯಾಕ್ ಮತ್ತು ಕೋಡ್‌ನ ತಪ್ಪುಗಳನ್ನು ಎತ್ತಿ ತೋರಿಸುವ ಲಿಂಟರ್ ಫ್ಲೇಕ್8ಗೆ ಹೋಯಿತು. ಈಗ ನನ್ನ ಜೊತೆ ಇನ್ನೂ ಇಬ್ಬರು ಕೋಡ್ ಬರೆಯುತ್ತಿದ್ದಾರೆ. ರಿವ್ಯೂ ಮಾಡುವಾಗ ಸ್ಪೇಸ್, ಕೋಟ್ ಬಗ್ಗೆಯೇ ಮಾತು ಜಾಸ್ತಿ ಆಗುತ್ತಿತ್ತು. ಅದನ್ನು ಟೂಲ್‌ಗೆ ಬಿಟ್ಟರೆ ನಾವು ಲಾಜಿಕ್ ಕಡೆ ಗಮನ ಕೊಡಬಹುದು, ಅಲ್ವಾ?

ಮೊದಲು ಬ್ಲ್ಯಾಕ್. ಅದು ಕೋಡ್ ಮಾಡುವ ಕೆಲಸವನ್ನು ಮುಟ್ಟುವುದಿಲ್ಲ, ಬರೆದ ರೀತಿಯನ್ನಷ್ಟೇ ತಿದ್ದುತ್ತದೆ. ಆ ತಿದ್ದುಪಡಿಗಳನ್ನೆಲ್ಲ ಒಂದೇ ಕಮಿಟ್‌ಗೆ (ಒಟ್ಟಿಗೆ ದಾಖಲಾಗುವ ಬದಲಾವಣೆಗೆ) ಹಾಕಿ, ಯಾವ ಸಾಲು ಯಾರು ಬದಲಿಸಿದ್ದು ಅಂತ ತೋರಿಸುವ ಗಿಟ್ ಬ್ಲೇಮ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಸೆಟ್ ಮಾಡಿದೆ. ಇಲ್ಲದಿದ್ದರೆ ತಿದ್ದಿದ ಸಾಲುಗಳ ಪಕ್ಕದಲ್ಲೆಲ್ಲ ನನ್ನ ಹೆಸರೇ ಬರುತ್ತದೆ. ನಿಜವಾಗಿ ಬರೆದವರು ಯಾರು ಅಂತ ಹುಡುಕೋದು ಕಷ್ಟ.

ಆಮೇಲೆ ಫ್ಲೇಕ್8. ಸಾಲಿನ ಉದ್ದಕ್ಕೆ ಅದು ಇಟ್ಟುಕೊಂಡಿರುವ ಮಿತಿ 79 ಕ್ಯಾರೆಕ್ಟರ್. ಇದು ಪೈಥಾನ್ ಕೋಡ್ ಬರೆಯುವ ಶೈಲಿಯ ಕೈಪಿಡಿಯಾದ 2001ರ ಪೆಪ್ 8ರಿಂದ ಬಂದದ್ದು. ಬ್ಲ್ಯಾಕ್‌ನ ಮಿತಿ 88. ಎರಡನ್ನೂ 88ಕ್ಕೆ ಹೊಂದಿಸಿದೆ. ಕೋಲನ್ ಹಿಂದಿನ ಸ್ಪೇಸ್ ವಿಷಯದಲ್ಲೂ ಇವೆರಡಕ್ಕೆ ಹೊಂದುವುದಿಲ್ಲ, ಹಾಗಾಗಿ ಅದರ ಬಗ್ಗೆ ಫ್ಲೇಕ್8ನಲ್ಲಿರುವ ಇ203 ನಿಯಮ ಆಫ್.

ಇಷ್ಟಾದರೂ ಟೆಸ್ಟ್ ಫೈಲ್‌ನಿಂದ ಸಾಲು ಉದ್ದವಾಯಿತು ಎನ್ನುವ ಇ501 ಎಚ್ಚರಿಕೆಗಳು ಬರುತ್ತಲೇ ಇದ್ದವು. ಸ್ಕ್ರೀನ್ ಮೇಲೆ ಗಿಡ್ಡವಾಗಿ ಕಾಣುವ ಸಾಲುಗಳೂ 'ತುಂಬಾ ಉದ್ದ'! ಕಾರಣ ನಮ್ಮ ಸುಳಿವುಗಳಲ್ಲಿರುವ ಕನ್ನಡ. ಫ್ಲೇಕ್8 ಅಕ್ಷರ ಎಣಿಸುವುದಿಲ್ಲ, ಯೂನಿಕೋಡ್ ಕೋಡ್ ಪಾಯಿಂಟ್, ಅಂದರೆ ಅಕ್ಷರವನ್ನು ಕಟ್ಟುವ ಬಿಡಿ ಚಿಹ್ನೆಗಳನ್ನು ಎಣಿಸುತ್ತದೆ. 'ಸ್ತ್ರೀ' ನಮ್ಮ ಪದಬಂಧದಲ್ಲಿ ಒಂದೇ ಮನೆ. ಫ್ಲೇಕ್8ಗೆ ಮಾತ್ರ ಅದು ಆರು: ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರ. ಉದ್ದದ ಸ್ಟ್ರಿಂಗ್‌ಗಳನ್ನು ಬ್ಲ್ಯಾಕ್ ತಾನಾಗಿ ಮುರಿಯುವುದೂ ಇಲ್ಲ. ಸುಳಿವನ್ನು ಸುಮ್ನೆ ಮಧ್ಯದಲ್ಲಿ ತುಂಡು ಮಾಡಿದರೆ ಓದಲು ಕಷ್ಟ. ಅದಕ್ಕೇ ಆ ಫೈಲ್‌ಗೆ ಮಾತ್ರ ಇ501 ನಿಲ್ಲಿಸಿದೆ, ಉಳಿದ ಕಡೆ ಇದೆ. ಕನ್ನಡ ಪಠ್ಯ ಇರುವ ಯಾವ ಪ್ರಾಜೆಕ್ಟ್‌ಗೂ ನಾನು ಇದನ್ನೇ ಹೇಳುತ್ತೇನೆ.

ತುಂಬಾ ಖುಷಿ ಕೊಟ್ಟಿದ್ದು ಫ್ಲೇಕ್8ಗೆ ಇನ್ನಷ್ಟು ನಿಯಮ ಸೇರಿಸುವ ಬಗ್‌ಬೇರ್ ಪ್ಲಗಿನ್. ಹೊಸ ಪದಬಂಧ ಮಾಡಿದಾಗ ಹಳೆಯದರ ಪದಗಳು ಆಗಾಗ ನುಸುಳುತ್ತಿದ್ದವು, ಯಾಕೆ ಅಂತ ಯಾರಿಗೂ ಗೊತ್ತಾಗಿರಲಿಲ್ಲ. ಬಗ್‌ಬೇರ್‌ನ ಬಿ006 ನಿಯಮ ನೇರವಾಗಿ ತಪ್ಪು ಇದ್ದ ಫಂಕ್ಷನ್ ತೋರಿಸಿತು. ಆ ಫಂಕ್ಷನ್‌ನ ಡೀಫಾಲ್ಟ್ ಆರ್ಗ್ಯುಮೆಂಟ್ (ಏನೂ ಕೊಡದಿದ್ದಾಗ ಬಳಸುವ ಮೌಲ್ಯ) ಒಂದು ಖಾಲಿ ಲಿಸ್ಟ್. ಪೈಥಾನ್ ಆ ಲಿಸ್ಟನ್ನು ಫಂಕ್ಷನ್ ಡಿಫೈನ್ ಆಗುವಾಗ ಒಮ್ಮೆ ಮಾತ್ರ ಮಾಡುತ್ತದೆ, ಆಮೇಲೆ ಪ್ರತಿ ಕಾಲ್‌ಗೂ ಅದನ್ನೇ ಕೊಡುತ್ತದೆ. ಹಾಗಾಗಿ ಹಳೆಯ ಪದಗಳು ಅದರಲ್ಲೇ ಉಳಿದಿರುತ್ತಿದ್ದವು. ಡೀಫಾಲ್ಟ್ 'ನನ್' (None, ಅಂದರೆ ಏನೂ ಇಲ್ಲ) ಮಾಡಿ, ಲಿಸ್ಟನ್ನು ಫಂಕ್ಷನ್ ಒಳಗೇ ಹೊಸದಾಗಿ ಮಾಡಿದ ಮೇಲೆ ತೊಂದರೆ ಹೋಯಿತು.

ಮುಂದೆ ಇವನ್ನೆಲ್ಲ ಪ್ರತಿ ಕಮಿಟ್‌ಗೆ ಮುಂಚೆ ತಾನಾಗಿ ಓಡಿಸುವ ಪ್ರೀ-ಕಮಿಟ್‌ಗೆ ಹಾಕಬೇಕು. ಫಂಕ್ಷನ್ ಎಷ್ಟು ಸಿಕ್ಕಾಗಿದೆ ಅಂತ ಅಳೆಯುವ ಸಿ901 ನಿಯಮ ಸದ್ಯಕ್ಕೆ ಬೇಡ. ಮನೆ ತುಂಬುವ ಅಲ್ಗಾರಿದಮ್ ಇನ್ನೂ ಬದಲಾಗುತ್ತಿದೆ.