ಎಮ್ಮಿ ಎಲ್ಲಿ ಕಟ್ಟಲಿ?

ಮಂಗಳವಾರ ರಾತ್ರಿ ಹತ್ತೂವರೆಗೆ ಅತ್ತೆಯ ಮಗ ಫೋನ್ ಮಾಡಿದ. "ಡ್ಯಾಮಿನ ಗೇಟ್ ಎತ್ತ್ಯಾರ. ಅವ್ವ ಯಾರ ಮಾತೂ ಕೇಳವಲ್ಲಳು. ನೀನ ಬಾ" ಅಂದ. ಹುಬ್ಬಳ್ಳಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದೆ. ನಾನು ಮುಟ್ಟುವಷ್ಟರಲ್ಲಿ ಮಲಪ್ರಭೆ ಹನುಮಪ್ಪನ ಗುಡಿಯ ಎರಡನೇ ಮೆಟ್ಟಿಲಿಗೆ ಬಂದಿದ್ದಳು. ಅತ್ತೆ ಕಟ್ಟೆಯ ಮೇಲೆ ಕೂತು ಹಾಲು ಸೋಸುತ್ತಿದ್ದಳು.

ಆಗಲೇ ಆ ಅಧಿಕಾರಿ ಬಂದದ್ದು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಫಾರಂಗಳು. ಮನೆಮಂದಿ ಎಷ್ಟು, ರೇಷನ್ ಕಾರ್ಡ್ ನಂಬರ್ ಎಷ್ಟು, ಆಧಾರ್ ಇದೆಯೋ ಇಲ್ಲವೋ. ಎಲ್ಲ ಬರೆದುಕೊಂಡ ಮೇಲೆ, ಹಿಂದಿನ ನೆರೆಯ ನಂತರ ಎತ್ತರದ ಜಾಗದಲ್ಲಿ ಕಟ್ಟಿಕೊಟ್ಟ ಆಸರೆ ಮನೆಯ ಮಾತು ತೆಗೆದರು.

"ಯಮ್ಮಾ, ಆಸರೆ ಮನಿ ನಿಮ್ಮ ಹೆಸರಿಗೇ ಐತಿ. ಅಲ್ಲಿ ಹೋಗಿ ಯಾಕ ಇರವಲ್ರಿ?"

"ಎಮ್ಮಿ ಎಲ್ಲಿ ಕಟ್ಟಲಿ ಯಪ್ಪಾ?"

ಅವರು ಫಾರಂ ನೋಡಿದರು. ಮೇಲಿಂದ ಕೆಳಗೆ ಒಮ್ಮೆ, ತಿರುಗಿಸಿ ಒಮ್ಮೆ. ಅದರಲ್ಲಿ ಎಮ್ಮೆ ಬರೆಯಲು ಜಾಗ ಇರಲಿಲ್ಲ. "ಅದನ್ನ ಆಮ್ಯಾಲ ನೋಡೂಣು, ಮೊದಲ ಕಾಳಜಿ ಕೇಂದ್ರಕ್ಕ ನಡೀರಿ" ಅಂದು ಮುಂದಿನ ಮನೆಗೆ ಹೋದರು.

ನಾಲ್ಕು ದಿನ ಆಯಿತು. ಅವರು ಫಾರಂ ತಿರುಗಿಸಿ ನೋಡಿದ್ದು ಕಣ್ಣಿಂದ ಹೋಗುತ್ತಿಲ್ಲ. ಕೆಟ್ಟ ಮನುಷ್ಯ ಅಲ್ಲ ಅವರು. ಎರಡು ರಾತ್ರಿ ನಿದ್ದೆ ಇಲ್ಲದ ಕಣ್ಣು, ಮೊಣಕಾಲ ತನಕ ಕೆಸರು. ಸೇತುವೆ ಮೇಲೆ ನಿಂತು ವಿಡಿಯೋ ಮಾಡುತ್ತಿದ್ದ ನಮ್ಮೂರ ಹುಡುಗರಿಗಿಂತ ಸಾವಿರ ಪಾಲು ಮೇಲು. ಆದರೆ ಅತ್ತೆ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅವರಲ್ಲ. ಆ ಮನೆಯ ನಕ್ಷೆ ಹಾಕಿದವರು.

2009ರ ಸೆಪ್ಟೆಂಬರ್ ಕೊನೆಗೆ ಶುರುವಾದ ಆ ಮಳೆ ನಮ್ಮ ಕಡೆ ಯಾರಿಗೂ ಮರೆತಿಲ್ಲ. ಮಲಪ್ರಭೆ, ಘಟಪ್ರಭೆ, ಕೃಷ್ಣೆ, ಭೀಮೆ, ಡೋಣಿ ಎಲ್ಲವೂ ಒಟ್ಟಿಗೇ ಉಕ್ಕಿದವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ದಾನಿಗಳ ದುಡ್ಡು, ಸರಕಾರದ ಜಾಗ ಸೇರಿ ಆಸರೆ ಮನೆಗಳು ಎದ್ದವು. ಊರನ್ನೇ ಎತ್ತರಕ್ಕೆ ಸಾಗಿಸುವ ಯೋಚನೆ ದೊಡ್ಡದು. ಅದನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಆದರೆ ನಮ್ಮ ಕಡೆಯ ಮನೆ ಹೇಗಿರುತ್ತದೆ ಅಂತ ನೋಡಿದ್ದರೆ ಸಾಕಿತ್ತು. ತಲೆಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ. ಅಲ್ಲೇ ಮೇವು ಹಾಕುವ ಗ್ವಾದಲಿ. ಕಟ್ಟೆ ಹತ್ತಿದ ಮೇಲೆ ಮನುಷ್ಯರ ಜಾಗ. ರಾತ್ರಿ ಎಮ್ಮೆ ಉಸಿರು ಬಿಟ್ಟರೂ ಒಳಗೆ ಮಲಗಿದವರಿಗೆ ಕೇಳುತ್ತದೆ. ಅಂಥ ಮನೆಯಲ್ಲಿ ಅರವತ್ತು ವರ್ಷ ಬಾಳಿದವಳಿಗೆ ಒಂದು ಹಾಲ್, ಒಂದು ಅಡುಗೆಮನೆ, ಒಂದು ಪುಟ್ಟ ಕೋಣೆ ಕೊಟ್ಟರು. ಹೊಲಕ್ಕೆ ಮೂರು ಕಿಲೋಮೀಟರು ದೂರ. ಬಣವೆ ಒಟ್ಟಲು ಜಾಗ ಇಲ್ಲ, ತಿಪ್ಪೆಗೆ ಜಾಗ ಇಲ್ಲ. ಒಂದು ವರ್ಷ ಇದ್ದು ಅತ್ತೆ ವಾಪಸ್ ಬಂದಳು. ಅರ್ಧ ಊರು ವಾಪಸ್ ಬಂತು. ಈಗ ಆ ಮನೆಯಲ್ಲಿ ಗೊಬ್ಬರದ ಚೀಲ, ಗೋವಿನಜೋಳ ತುಂಬಿದ್ದಾರೆ.

"ಕೊಟ್ಟರೂ ಹೋಗಲಿಲ್ಲ ಇವರು" ಅಂತ ಪೇಟೆಯಲ್ಲಿ ಕೂತವರು ಹೇಳುವುದನ್ನು ಎಷ್ಟು ಸಲ ಕೇಳಿದ್ದೇನೋ. ಹತ್ತು ವರ್ಷದ ಹಿಂದೆ ನಾನೂ ಹಾಗೇ ಹೇಳಿದ್ದೆ, ಅತ್ತೆಯ ಎದುರಿಗೇ. ಈಗ ನೆನೆದರೆ ಸಂಕಟ ಆಗುತ್ತದೆ.

2019ರ ಆಗಸ್ಟಿನಲ್ಲಿ ಮತ್ತೆ ಹೊಳೆ ಬಂತು. ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ನಮ್ಮ ಅತ್ತೆಯ ಮನೆಯ ಗೋಡೆ ನೀರು ಇದ್ದಾಗ ಬೀಳಲಿಲ್ಲ. ನೀರು ಇಳಿದು, ಬಿಸಿಲು ಬಿದ್ದು, ಎಲ್ಲರೂ ಉಸ್ಸಂತ ಒಳಗೆ ಬಂದು ಕೆಸರು ಬಳಿಯುತ್ತಿದ್ದಾಗ ಬಿತ್ತು. ಮಣ್ಣಿನ ಗೋಡೆ ಹಾಗೇ. ಬುಡದಲ್ಲಿ ನೀರು ಕುಡಿದು ಸಡಿಲಾಗಿರುತ್ತದೆ, ಮೇಲಿನ ಮಾಳಿಗೆಯ ಭಾರ ತಡೆಯುವುದಿಲ್ಲ. ಅತ್ತೆ ಹೊರಗೆ ಕೊಡ ತರಲು ಹೋಗಿದ್ದಳು, ಉಳಿದಳು. ಸರ್ವೆಯವರು ಫೋಟೋ ತೆಗೆದುಕೊಂಡು ಹೋಗಿದ್ದು ಅದರ ಹಿಂದಿನ ದಿನ. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ಕೊಟ್ಟಿತು. ಅತ್ತೆಯ ಮನೆ ಸ್ವಲ್ಪ ಹಾಳಾದ ಮನೆಗಳ ಪಟ್ಟಿಯಲ್ಲೇ ಉಳಿಯಿತು. ನೀರು ಇಳಿದ ಮೇಲೆ ಎರಡನೇ ಸಲ ಒಮ್ಮೆ ಬಂದು ನೋಡಿದ್ದರೆ ಏನಾಗುತ್ತಿತ್ತು?

ಎಚ್ಚರಿಕೆ ಕೊಡುವುದರಲ್ಲೂ ಇದೇ ಕತೆ. ಈ ಸಲ ಮೆಸೇಜ್ ಸರಿಯಾದ ಹೊತ್ತಿಗೇ ಬಂತು, ಡಂಗುರವೂ ಹೊಡೆದರು. ಅದಕ್ಕೆ ನಿಜಕ್ಕೂ ಕೈ ಮುಗಿಯಬೇಕು. ಆದರೆ ಮೆಸೇಜಿನಲ್ಲಿ ಇದ್ದದ್ದು ನವಿಲುತೀರ್ಥ ಡ್ಯಾಮಿನಿಂದ ಇಷ್ಟು ಸಾವಿರ ಕ್ಯೂಸೆಕ್ ಅಂತ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಅದನ್ನು ಗುಣಿಸಿದರೆ ಅತ್ತೆಗೆ ಏನು ತಿಳಿಯಬೇಕು? ಅವಳಿಗೆ ಗೊತ್ತಿರುವ ಲೆಕ್ಕ ಹನುಮಪ್ಪನ ಗುಡಿಯ ಮೆಟ್ಟಿಲಿನದು. ಮೂರನೇ ಮೆಟ್ಟಿಲಿಗೆ ಬಂದರೆ ಕೆಳಗಿನ ಓಣಿ ಖಾಲಿ ಮಾಡಬೇಕು, ಐದನೇದಕ್ಕೆ ಬಂದರೆ ಅವಳ ಹೊಸ್ತಿಲು. ಇಷ್ಟು ಬಿಟ್ಟರೆ ಇಷ್ಟನೇ ಮೆಟ್ಟಿಲು ಅಂತ ಪ್ರತಿ ಊರಿಗೂ ಬರೆದಿಡುವುದು ಅಷ್ಟೇನೂ ಕಷ್ಟ ಅಲ್ಲ, ಅಲ್ವಾ? ಗೇಟಿನ ನೀರು ಒಂದೇ ಅಲ್ಲ, ಬೆಣ್ಣಿಹಳ್ಳವೂ ಇದೇ ಹೊಳೆಗೆ ಬಂದು ಬೀಳುತ್ತದೆ. ಬಹಳ ವರ್ಷ ಬತ್ತಿದಂತೆ ಬಿದ್ದಿರುವ ಹೊಳೆಯ ಒಳಗೇ ನಾವು ಕಬ್ಬು ಹಚ್ಚಿದ್ದೇವೆ, ಜಾಲಿ ಕಂಟಿ ಬೆಳೆಯಲು ಬಿಟ್ಟಿದ್ದೇವೆ. ನಮ್ಮ ಮನೆತನದ ಹೊಲವೂ ಹಾಗೆ ಎರಡು ಮಾರು ಒಳಗೆ ಸರಿದಿದೆ. ಹೊಳೆಗೆ ಹರಿಯಲು ದಾರಿ ಬೇಕಲ್ಲ.

ಬುಧವಾರ ಮಧ್ಯಾಹ್ನ ಅತ್ತೆ ಕೊನೆಗೂ ಎದ್ದಳು. ಕಾಳಜಿ ಕೇಂದ್ರಕ್ಕೆ ಅಲ್ಲ. ಎರಡು ಎಮ್ಮೆ, ಇನ್ನೂ ಈಯದ ಒಂದು ಮಣಕ ಹೊಡೆದುಕೊಂಡು ಆಸರೆ ಮನೆಗೆ. ಅಲ್ಲಿ ಗೂಟ ಇಲ್ಲ. ಕಿಟಕಿಯ ಸರಳಿಗೆ ಹಗ್ಗ ಬಿಗಿದೆವು. ಶಾಲೆಯ ಕೇಂದ್ರದಲ್ಲಿ ಬಿಸಿ ಅನ್ನ, ಸಾರು, ಜಮಖಾನೆ ಎಲ್ಲ ಇತ್ತು. ಅತ್ತೆ ಹೋಗಲಿಲ್ಲ. ತಲೆ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಎರಡು ರಾತ್ರಿ ಬಾಗಿಲಲ್ಲೇ ಕೂತಳು. ನಡುರಾತ್ರಿ ಎದ್ದು ನೋಡಿದರೆ ಮಳೆಯಲ್ಲಿ ನೆನೆಯುತ್ತಿದ್ದ ಎಮ್ಮೆಯ ಬೆನ್ನನ್ನು ಸೆರಗಿನಿಂದ ಒರೆಸುತ್ತಿದ್ದಳು. ಬೆಳಗ್ಗೆ ನೋಡಿದರೆ ಎಮ್ಮೆ ಜಗ್ಗಿ ಜಗ್ಗಿ ಕಿಟಕಿಯ ಚೌಕಟ್ಟು ಗೋಡೆಯಿಂದ ಬಿಟ್ಟುಕೊಂಡಿತ್ತು. ಬಿರುಕಿನಲ್ಲಿ ನನ್ನ ಬೆರಳು ಹೋಗುತ್ತಿತ್ತು.

ಹೊಳೆ ಈ ಸಲ ನಾಲ್ಕನೇ ಮೆಟ್ಟಿಲಿಗೇ ನಿಂತಿತು. ಶುಕ್ರವಾರ ಇಳಿಯಿತು. ಗೋಡೆಯ ಬುಡ ಒಣಗುವ ತನಕ ಒಳಗೆ ಮಲಗಬೇಡ ಅಂತ ಆಣೆ ಹಾಕಿಸಿಕೊಂಡು ಬಂದೆ.

ನಿನ್ನೆ ರಾತ್ರಿ ಅವಳೇ ಫೋನ್ ಮಾಡಿದಳು. "ತಮ್ಮಾ, ಹುಬ್ಬಳ್ಳ್ಯಾಗ ತಗಡಿಗೆ ಎಷ್ಟೈತಿ ಕೇಳ" ಅಂದಳು. ಆಸರೆ ಮನೆಯ ಪಕ್ಕದ ಗೋಡೆಗೂ ರಸ್ತೆಗೂ ನಡುವೆ ಜಾಗ ಇದೆಯಂತೆ. ಹೆಜ್ಜೆ ಹಾಕಿ ನೋಡಿದಳಂತೆ, ಆರು ಹೆಜ್ಜೆ. ಅಷ್ಟರಲ್ಲಿ ಎರಡು ಎಮ್ಮೆ, ಒಂದು ಮಣಕ ನಿಲ್ಲುತ್ತವೆಯೋ ಇಲ್ಲವೋ ಅಂತ ಅವಳಿಗೇ ಅನುಮಾನ. ಭಾನುವಾರ ಟೇಪ್ ತೆಗೆದುಕೊಂಡು ಹೋಗುತ್ತಿದ್ದೇನೆ.