ಮೂರೂಕಾಲು ಎಕರೆ ಸುಮ್ಮನೆ ಯಾಕೆ ಬಿಟ್ಟಿದ್ದೀರಿ?

ನೆಂಟರು ಊಟ ಮುಗಿಸಿ ಕವಳ ಹಾಕಿ ತೋಟ ನೋಡಲು ಹೋದರೆಂದರೆ ವಾಪಸು ಬಂದು ಕೇಳುವ ಪ್ರಶ್ನೆ ನನಗೆ ಬಾಯಿಪಾಠ. "ಭಾವಾ, ಮೇಲಿನ ಹಕ್ಕಲು ಎಂತಕ್ಕೆ ಹಾಂಗೇ ಬಿಟ್ಟಿದ್ದು?" ಅಡಿಕೆಗೆ ಈ ಧಾರಣೆ ಇರುವಾಗ ಮೂರೂಕಾಲು ಎಕರೆ ಮಾಲ್ಕಿ ಜಮೀನು ಪಾಳು ಬಿದ್ದಿದೆಯಲ್ಲ ಎಂಬುದು ಅವರ ಸಂಕಟ. ಬೆಂಗಳೂರಿನಿಂದ ಬರುವವರ ಪ್ರಶ್ನೆ ಬೇರೆ. "ನಾವೂ ಸ್ವಲ್ಪ ಜಮೀನು ತಗೊಂಡಿದ್ದೀವಿ ಸಾರ್, ಕಾಡು ಮಾಡಬೇಕು. ಯಾವ ಗಿಡ ನೆಡೋಣ?" ಇಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ಮೊದಲು ಜಾಗ ಹೇಗಿದೆ ಅಂತ ಹೇಳಬೇಕು. ನಮ್ಮದು ಉತ್ತರ ಕನ್ನಡದ ಸಿದ್ದಾಪುರ ತಾಲೂಕು. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ತೋಟ, ತೋಟದ ನೆತ್ತಿಯ ಮೇಲೆ ಈ ಹಕ್ಕಲು. ಹಕ್ಕಲಿನ ತಗ್ಗಿನಲ್ಲಿ ಅರ್ಧ ಎಕರೆಯಷ್ಟು ಜಡ್ಡಿ. ಬೇಸಿಗೆಯಲ್ಲೂ ಕಾಲಿಟ್ಟರೆ ಮೀನಖಂಡದವರೆಗೆ ಹೂತುಹೋಗುವ ಕರಿಕೆಸರು. ಅಲ್ಲಿ ರಾಂಪತ್ರೆಯ ಸಂಬಂಧಿಕ ಪಿಂಡಿಕಾಯಿ ಮರಗಳು ಹನ್ನೊಂದು ಉಳಿದಿವೆ. ಬೇರುಗಳು ಕೆಸರಿನಿಂದ ಮೇಲೆದ್ದು, ಮಂಡಿ ಮಡಚಿದ ಹಾಗೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತವೆ. ಸದಾ ನೀರು ನಿಂತ ಮಣ್ಣಿನಲ್ಲಿ ಗಾಳಿ ಸಿಗುವುದಿಲ್ಲ, ಅದಕ್ಕೇ ಬೇರು ಹೊರಗೆ ಬಂದು ಉಸಿರಾಡುತ್ತದೆ. ಇದರ ಬೀಜ ಒಣಗಿದರೆ ಸತ್ತಿತು. ಡಬ್ಬಿಯಲ್ಲಿ ತುಂಬಿಟ್ಟು ಮುಂದಿನ ವರ್ಷ ಬಿತ್ತುವ ಮಾತೇ ಇಲ್ಲ. ಜಡ್ಡಿ ಹೋದಲ್ಲಿ ಇದೂ ಹೋಯಿತು.

ಮಲೆನಾಡಿನಲ್ಲಿ ಇಂಥ ಜಡ್ಡಿಗಳು ಎಷ್ಟೋ ಇದ್ದವು. ಕಣಿವೆ, ಕಪ್ಪು ಮಣ್ಣು, ವರ್ಷವಿಡೀ ನೀರು ಇದ್ದಲ್ಲಿ ಹಿರಿಯರು ಬಸಿಗಾಲುವೆ ತೆಗೆದು ಅಡಿಕೆ ಹಾಕಿದರು, ಭತ್ತ ನೆಟ್ಟರು. ನನ್ನ ತೋಟದ ಕೆಳತುದಿಯೂ ಹಾಗೇ ಆದದ್ದಿರಬೇಕು. ಹಾಗಾಗಿ ನಾನು ಯಾರಿಗೂ ಉಪದೇಶ ಮಾಡುವ ಸ್ಥಾನದಲ್ಲಿಲ್ಲ. ನಮ್ಮ ತಾಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಿ ಸಿಕ್ಕ ಕರಿಗೇರಿನ ಕುಲದ ಮರವೊಂದು 2000ನೇ ಇಸವಿಯಲ್ಲಷ್ಟೇ ಹೊಸ ಜಾತಿ ಅಂತ ವಿಜ್ಞಾನದಲ್ಲಿ ದಾಖಲಾಯಿತು. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಅಷ್ಟು ಎತ್ತರದ ಮರಕ್ಕೆ ಹೆಸರಿಡಲು ಅಷ್ಟು ಕಾಲ ಬೇಕಾಯಿತು ಅಂದಮೇಲೆ, ಸಣ್ಣಪುಟ್ಟದ್ದು ಏನೇನು ಉಳಿದಿದೆಯೋ.

ಇನ್ನು ಯಾಕೆ ಬಿಟ್ಟೆ ಎಂಬುದಕ್ಕೆ. ನಿಜ ಹೇಳಬೇಕೆಂದರೆ ಮೊದಲು ಬಿಡಲಿಲ್ಲ. ಮೂವತ್ತರ ಹರೆಯದಲ್ಲಿ ಜಡ್ಡಿಯ ಮೇಲಿನ ಒಂದೆಕರೆ ಕುರುಚಲು ಸವರಿಸಿ ಅಕೇಶಿಯಾ ಹಾಕಿದೆ. ಒಂಬತ್ತು ವರ್ಷಕ್ಕೆ ಕಡಿದು ಮಾರಿದ್ದರಲ್ಲಿ ಕೊಟ್ಟಿಗೆಯ ಮಾಡು ಹೊಸದಾಯಿತು. ಆದರೆ ಆ ವರ್ಷಗಳಲ್ಲಿ ಮರಗಳಡಿ ನಡೆದರೆ ಒಣಗಿದ ಹಪ್ಪಳ ತುಳಿದಂತೆ ಸದ್ದು. ಅದರ ಎಲೆ ಬೇಗ ಕರಗುವುದಿಲ್ಲ, ಅಡಿಯಲ್ಲಿ ಮತ್ತೊಂದು ಸಸಿ ಕಷ್ಟದಿಂದ ಏಳುತ್ತದೆ. ಎರಡು ಏಪ್ರಿಲ್‌ಗಳಲ್ಲಿ ಅಬ್ಬಿ ನೀರು, ಅಂದರೆ ಗುಡ್ಡದಿಂದ ತಾನಾಗಿ ಹರಿದು ಬರುವ ನೀರು, ಬೆರಳು ಗಾತ್ರಕ್ಕೆ ಇಳಿಯಿತು. ಅಕೇಶಿಯಾದಿಂದಲೇ ಅಂತ ಆಣೆ ಮಾಡಲಾರೆ, ಮಳೆಯೂ ಕಮ್ಮಿ ಇತ್ತು. ಆದರೆ ನಮ್ಮ ಅಡುಗೆಮನೆಗೂ ತೋಟಕ್ಕೂ ಬರುವ ನೀರು ಆ ಜಡ್ಡಿಯಿಂದಲೇ ಇಳಿಯುವುದು. ಪಂಪಿಲ್ಲ, ಕರೆಂಟಿಲ್ಲ, ಒಂದು ಕಪ್ಪು ಪೈಪು. ಕೊಡ ತುಂಬಲು ಇಷ್ಟು ಹೊತ್ತಾಗುತ್ತದಲ್ಲ ಅಂತ ಹೆಂಡತಿ ಅಂದ ದಿನ ನನ್ನ ಲೆಕ್ಕ ತಪ್ಪಿದ್ದು ಗೊತ್ತಾಯಿತು. ನೆಂಟರಿಗೆ ಉತ್ತರ ಇಷ್ಟೇ. ಆ ಮೂರೂಕಾಲು ಎಕರೆಯಿಂದ ಕೆಳಗಿನ ಎರಡೆಕರೆ ಅಡಿಕೆ ನಡೆಯುತ್ತಿದೆ.

ಯಾವ ಗಿಡ ನೆಡೋಣ ಅನ್ನುವವರಿಗೆ: ಎರಡು ಮಳೆಗಾಲ ಏನೂ ನೆಡಬೇಡಿ. ನೋಡಿ. ಅಕೇಶಿಯಾ ತೆಗೆದ ಜಾಗದಲ್ಲಿ ನಾನು ಮಾಡಿದ್ದು ಎರಡೇ ಕೆಲಸ. ಮಣ್ಣು ಮೆತ್ತಗಾದಾಗ ಯುಪಟೋರಿಯಂ, ಲಂಟಾನ, ಅಕೇಶಿಯಾದ ಮರಿಗಿಡಗಳನ್ನು ಬೇರುಸಮೇತ ಕಿತ್ತೆ. ಅಲ್ಲಿಂದ ದರಕು (ಉದುರಿದ ಒಣ ಎಲೆ) ಗುಡಿಸುವುದನ್ನು ನಿಲ್ಲಿಸಿದೆ. ತೋಟದ ಗೊಬ್ಬರಕ್ಕೆ ಸೊಪ್ಪಿನ ಬೆಟ್ಟ ಬೇರೆ ಇದೆ. ಉಳಿದದ್ದನ್ನು ಹಕ್ಕಿಗಳು ಮಾಡಿದವು. ಮೊದಲು ಬಂದದ್ದು ಚಂದಕಲು, ಆಮೇಲೆ ಅದರ ನೆರಳಿನಲ್ಲಿ ಮುರುಗಲು, ಈಗ ಉಪ್ಪಾಗೆಯ ಸಸಿಗಳು ಸೊಂಟದೆತ್ತರ ಇವೆ. ಸತ್ತು ನಿಂತ ಒಂದು ಮತ್ತಿ ಮರವನ್ನು ಕಟ್ಟಿಗೆಗೆ ಕಡಿಯದೆ ಬಿಟ್ಟೆ, ಅದರ ಪೊಟರೆಯಲ್ಲಿ ಯಾವಾಗಲೂ ಯಾರಾದರೊಬ್ಬರು ಬಾಡಿಗೆಗಿರುತ್ತಾರೆ. (ಬಾಡಿಗೆ ಬಂದಿಲ್ಲ.)

ಉಪ್ಪಾಗೆಯ ಮಾತು ಬಂತು. ಸಿಪ್ಪೆಗೆ ಒಳ್ಳೆ ದರ ಬಂದಾಗ ಹಣ್ಣು ಬೀಳುವವರೆಗೆ ಕಾಯದೆ ಟೊಂಗೆಯನ್ನೇ ಕಡಿದವರನ್ನು ನೋಡಿದ್ದೇನೆ. ಅದನ್ನೇ ತಿನ್ನುವ ಸಿಂಗಳೀಕಕ್ಕೆ ಏನು ಉಳಿಯಿತು? ನಾನು ಬಿದ್ದದ್ದನ್ನು ಹೆಕ್ಕುತ್ತೇನೆ, ಮೇಲಿನದು ಮೇಲಿನವರಿಗೆ.

ಕಾನೂನು ಕಾಯುವುದಿಲ್ಲವೇ ಅಂತ ಕೇಳುತ್ತಾರೆ. ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರ ಕಡಿಯಲೂ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ರಬ್ಬರ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಪರಿಣಾಮ ಏನಾಯಿತೆಂದರೆ, ಕಾಫಿ ತೋಟಗಳಲ್ಲಿ ಊರ ಮರದ ಜಾಗಕ್ಕೆ ಸಿಲ್ವರ್ ಬಂತು. ಬೀಟೆ, ಹೊನ್ನೆಯ ಸಸಿ ಎದ್ದರೆ ಹೆಬ್ಬೆರಳು ಗಾತ್ರದಲ್ಲೇ ಕಿತ್ತೆಸೆಯುವ ರೈತ ದುಷ್ಟನೇನಲ್ಲ, ನಾಳೆಯ ಕಚೇರಿ ಅಲೆದಾಟಕ್ಕೆ ಹೆದರಿದವನು. ಮರ ಬೆಳೆಸಿದವನಿಗೇ ತೊಂದರೆ ಕೊಡುವ ಕಾನೂನು ಮರ ಉಳಿಸೀತು ಅಂತ ನನಗಂತೂ ಅನ್ನಿಸುವುದಿಲ್ಲ.

ಇನ್ನೊಂದು ದಾರಿಯೂ ಉಂಟು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಖಾಸಗಿ ಅಥವಾ ಊರೊಟ್ಟಿನ ಜಾಗವನ್ನು, ಯಜಮಾನರೇ ಮುಂದೆ ಬಂದರೆ, ಸಮುದಾಯ ಮೀಸಲು ಅಂತ ಘೋಷಿಸಬಹುದು. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಹಾಗಾಯಿತು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ಅಲ್ಲಿನವರ ಹಿತ್ತಲಿನ ಹುಣಸೆ ಮರಗಳಲ್ಲೇ. ಹೆರಿಗೆಗೆ ತವರಿಗೆ ಬಂದ ಮಗಳು ಅಂತ ಅವನ್ನು ನೋಡಿಕೊಂಡ ಊರದು. ಆದರೆ ಒಂದು ಊರಿಗೆ ಸಲ್ಲುವ ಏರ್ಪಾಡು ಒಂಟಿ ಮನೆಯ ಹಕ್ಕಲಿಗೆ ಹೇಗೆ ಹೊಂದಬೇಕು? ಕೊಡಗಿನ ತೆರಾಲಿನಲ್ಲಿ ಪಮೇಲಾ ಮತ್ತು ಅನಿಲ್ ಮಲ್ಹೋತ್ರಾ ದಂಪತಿ 1991ರಲ್ಲಿ 55 ಎಕರೆ ಕೊಂಡು, ವರ್ಷಗಳಲ್ಲಿ ಅಕ್ಕಪಕ್ಕದ್ದನ್ನೂ ಸೇರಿಸಿ ಸುಮಾರು 300 ಎಕರೆ ಕಾಡು ಉಳಿಸಿದರು. ನನ್ನ ಹತ್ತಿರ ಕೊಳ್ಳುವ ದುಡ್ಡಿಲ್ಲ. ಇರುವುದನ್ನು ಮಾರದಿದ್ದರೆ ಸಾಕಾಗಿದೆ.

ನನ್ನ ಹೆದರಿಕೆ ಹಿಸೆಯದ್ದು. ತಮ್ಮನಿಗೂ ಇದರಲ್ಲಿ ಪಾಲಿದೆ, ಅವನ ಮಗನ ಓದಿನ ಖರ್ಚು ದೊಡ್ಡದು. ಮೂರೂಕಾಲು ಎಕರೆ ಎರಡಾದರೆ ಜಡ್ಡಿಯ ನಡುವೆಯೇ ಬೇಲಿ ಬರುತ್ತದೆ. ಕಳೆದ ದೀಪಾವಳಿಗೆ ಬಂದಾಗ ಅವನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಚಪ್ಪಲಿ ಕೆಸರಲ್ಲಿ ಸಿಕ್ಕಿ ಒಂದು ಕಾಲಿನದು ಅಲ್ಲೇ ಉಳಿಯಿತು. "ಅಪ್ಪಯ್ಯ ಇಲ್ಲೇ ಅಲ್ದನಾ ಏಡಿ ಹಿಡಿತಿದ್ದಿದ್ದು?" ಅಂದ. ಪಾಲಿನ ಮಾತು ಅವತ್ತು ಯಾರೂ ಎತ್ತಲಿಲ್ಲ.

ಮೊನ್ನೆ ಬೆಳೆ ಸಮೀಕ್ಷೆಗೆ ಬಂದ ಹುಡುಗನೂ ಅದೇ ಪ್ರಶ್ನೆ ಕೇಳಿದ. ಹಕ್ಕಲಿನ ಅಂಚಿನಲ್ಲಿ ನಿಂತು ಫೋಟೋ ಹೊಡೆದು, "ಇದಕ್ಕೆ ಏನ್ ಬೆಳೆ ಅಂತ ಹಾಕ್ಲಿ ಹೆಗಡೇರೇ?" ಅಂದ. ನೀರು ಅಂತ ಹಾಕು ಅಂದೆ. ನಕ್ಕು, ಮೊಬೈಲ್ ಮೇಲೆ ಕೆಳಗೆ ಉಜ್ಜಿ ನೋಡಿ, "ಅದಿಲ್ರೀ" ಅಂತ ಹೇಳಿ "ಬೀಳು" ಒತ್ತಿಕೊಂಡು ಹೋದ.